ಕೌದಿಯ ಒಳಮೈ

ಹೆಂಡತಿಯ ಫೋನು ಬಂದಾಗ ಅವನು ಹಳೆಯ ಬೀಗವೊಂದರ ಚೀಟಿಯನ್ನು ಬ್ಲೇಡಿನಲ್ಲಿ ಕತ್ತರಿಸುತ್ತಿದ್ದ. “ರೀ, ನಿಮ್ಮಕ್ಕ ಹೊರಟಿದ್ದಾರೆ. ಬಸ್ ಹತ್ತಿದ ಮೇಲೆ ಫೋನ್ ಮಾಡಿದ್ರು,” ಅಂದಳು. ಎಲ್ಲಿಗೆ ಎಂದು ಕೇಳಿದ, ಗೊತ್ತಿದ್ದೂ. “ಎಲ್ಲಿಗೇನು, ನಿಮ್ಮ ಆಫೀಸಿಗೇ. ಅವರ ಕೌದೀನ ಗೋಡೆ ಮೇಲೆ ಹಾಕಿದ್ದೀರಲ್ಲ, ಅದನ್ನ ನೋಡೋಕೆ. ನಾನೇ ಹೇಳಿದೆ. ಪಾಪ, ಎಷ್ಟು ಖುಷಿಪಟ್ರು ಗೊತ್ತಾ? ಅಂಗಡೀಲಿ ಎಲ್ಲರಿಗೂ ಹೇಳಿಬಿಟ್ಟಿದ್ದಾರಂತೆ.” ಆಮೇಲೆ ದನಿ ತಗ್ಗಿಸಿ, “ಯಾಕೆ, ಹೇಳಬಾರದಿತ್ತಾ?” ಎಂದಳು. ಛೆ, ಹಾಗೇನಿಲ್ಲ ಎಂದ. ಫೋನು ಇಟ್ಟ ಮೇಲೆ ಎದೆ ಹೊಡೆದುಕೊಳ್ಳಬೇಕಿತ್ತು, ಕೈ ನಡುಗಬೇಕಿತ್ತು. ಕಾದು ನೋಡಿದ. ಏನೂ ಆಗಲಿಲ್ಲ. ಉಕ್ಕಿನ ಅಳತೆಪಟ್ಟಿಯನ್ನು ಮತ್ತೆ ಗೆರೆಗೆ ಕೂಡಿಸಿ ಬ್ಲೇಡು ಎಳೆದ. ಅಂಚು ಕೂದಲೆಳೆಯಷ್ಟೂ ಸೊಟ್ಟಗಾಗದೆ ಬಂತು. ಬಲತೋಳಿನ ಪಟ್ಟಿಯ ಗುಂಡಿಯೊಂದು ಒಂದೇ ದಾರದಲ್ಲಿ ಜೋತಾಡುತ್ತಿತ್ತು, ಬೆಳಿಗ್ಗೆಯಿಂದ ಅದನ್ನು ತಿರುಗಿಸುತ್ತ ಕೂತಿದ್ದ. ಈಗಲೂ ತಿರುಗಿಸಿದ.

ವಸ್ತುಸಂಗ್ರಹಾಲಯದ ಮೆಟ್ಟಿಲ ಕೆಳಗಿನ ಆ ಕೋಣೆಯಲ್ಲಿ ಅವನು ಚೀಟಿ ಬರೆಯಲು ಕೂತು ಹತ್ತೊಂಬತ್ತು ವರ್ಷವಾಗಿತ್ತು. ಕಾಗದಪತ್ರದಲ್ಲಿ ಅವನ ಹುದ್ದೆಗೆ ಮಾರುದ್ದದ ಹೆಸರಿತ್ತು. ಆದರೆ ಬಾಗಿಲ ಕಾವಲುಗಾರ ಇಟ್ಟ ‘ಚೀಟಿ ಸಾಹೇಬ್ರು’ ಅನ್ನುವುದೇ ಕೊನೆಗೂ ನಿಂತದ್ದು. ಒಂದು ಚೀಟಿಗೆ ಅರವತ್ತು ಪದ. ಅರವತ್ತೊಂದಾದರೆ ಸಂಗ್ರಹಾಲಯದ ಮುಖ್ಯಸ್ಥೆ ಮೇಡಂ ಕೆಂಪು ಪೆನ್ನು ತೆಗೆಯುತ್ತಾರೆ. ಮೊದಲ ಸಾಲಿನಲ್ಲಿ ವಸ್ತುವಿನ ಹೆಸರು, ಎರಡನೆಯದರಲ್ಲಿ ಅದರ ಕಾಲ, ಆಮೇಲೆ ವಿವರಣೆ, ಕೊನೆಯ ಸಾಲಿನಲ್ಲಿ ‘ಮಾಡಿದವರು’. ಆ ಕೊನೆಯ ಸಾಲಿಗೆ ಅವನು ಎಂದೂ ತಲೆ ಕೆಡಿಸಿಕೊಂಡವನಲ್ಲ. ಬಾಚಣಿಗೆ, ಬೀಗ, ತೊಟ್ಟಿಲು, ಬುಟ್ಟಿ ಯಾವುದನ್ನೂ ಯಾರು ಮಾಡಿದರೆಂದು ಯಾರೂ ಬರೆದಿಟ್ಟಿರಲಿಲ್ಲ. ಹಾಗಾಗಿ ‘ಮಾಡಿದವರು: ತಿಳಿದಿಲ್ಲ’ ಎಂಬುದನ್ನು ಒಂದೇ ಹಾಳೆಯ ಮೇಲೆ ನಲವತ್ತು ಸಲ ಮುದ್ರಿಸಿಟ್ಟುಕೊಂಡು, ಬೇಕಾದಾಗ ಒಂದೊಂದೇ ಪಟ್ಟಿ ಕತ್ತರಿಸಿ ಅಂಟಿಸುತ್ತಿದ್ದ. “ಈ ಕಟ್ಟಡದಲ್ಲಿ ಇರೋದನ್ನೆಲ್ಲ ಒಬ್ಬನೇ ಮಾಡಿರೋದು ಸಾಹೇಬ್ರೆ, ತಿಳಿದಿಲ್ಲ ಅಂತ ಅವನ ಹೆಸರು, ಭಲೇ ಕೆಲಸಗಾರ,” ಎಂದು ಕಾವಲುಗಾರ ತಿಂಗಳಿಗೊಮ್ಮೆ ಅದೇ ಹಾಸ್ಯ ಮಾಡುತ್ತಿದ್ದ, ಇವನು ತಿಂಗಳಿಗೊಮ್ಮೆ ನಗುತ್ತಿದ್ದ. ಬಟ್ಟೆಯ ವಸ್ತುವಾದರೆ ಇನ್ನೊಂದು ಕೆಲಸ ಹೆಚ್ಚು. ಸಂಗ್ರಹಕ್ಕೆ ಸೇರಿತೆಂದು ತೀರ್ಮಾನವಾದ ಮೇಲೆ, ಸಂಖ್ಯೆ ಬರೆದ ಬಿಳಿಯ ಬಟ್ಟೆಪಟ್ಟಿಯೊಂದನ್ನು ಅದರ ಹಿಂಬದಿಗೆ ಕೈಯಲ್ಲೇ ಹೊಲಿಯಬೇಕು. ಗಂಡಸಿಗೆ ಹೊಲಿಗೆ ಎಲ್ಲಿಂದ ಬಂತು ಎಂದು ಮೇಡಂ ಒಮ್ಮೆ ಕೇಳಿದಾಗ, ಹಾಸ್ಟೆಲ್ಲಿನಲ್ಲಿ ಕಲಿತೆ ಎಂದಿದ್ದ.

ಹೊಲಿಗೆ ಕಲಿಸಿದ್ದು ಅಕ್ಕ. ಅಕ್ಕ ಹೊಲಿಗೆ ಅಂಗಡಿಯಲ್ಲಿ ಕಾಜಾ ಗುಂಡಿಯವಳು. ಮಾಸ್ತರು ಕತ್ತರಿಸುತ್ತಾರೆ, ಯಂತ್ರದವರು ಹೊಲಿಯುತ್ತಾರೆ. ಎಲ್ಲ ಮುಗಿದ ಬಟ್ಟೆಗೆ ತೂತು ಮಾಡಿ, ತೂತಿನ ಅಂಚು ಕಟ್ಟಿ, ಗುಂಡಿ ಹಚ್ಚಿ, ಇಸ್ತ್ರಿ ಮಾಡಿ ಮಡಚುವವಳು ಅವಳು. ದಾರ ಪೋಣಿಸಿದ ಸೂಜಿಯೊಂದು ಯಾವಾಗಲೂ ಅವಳ ಕೊರಳಪಟ್ಟಿಯ ಒಳಗೆ ಚುಚ್ಚಿಕೊಂಡೇ ಇರುತ್ತಿತ್ತು. ಮಗುವಾಗಿದ್ದಾಗ ಅವಳ ಎದೆಗೊರಗಿದರೆ ಕೆನ್ನೆಗೆ ತಣ್ಣಗೆ ತಾಗುತ್ತಿತ್ತು, ಚುಚ್ಚುತ್ತಿರಲಿಲ್ಲ. ಅಮ್ಮ ಹೋದಾಗ ಅವನಿಗೆ ಆರು, ಅಪ್ಪ ಹೋದಾಗ ಎಂಟು. ಅವನ ಮಟ್ಟಿಗೆ ಅವರಿಬ್ಬರೂ ಕೌದಿಯ ಒಳಗಿದ್ದರು. ಮಾಸ್ತರ ಮೇಜಿನ ಕೆಳಗೆ ಬೀಳುವ ಚೂರುಗಳನ್ನು ಅಕ್ಕ ದಿಂಬಿನ ಚೀಲದಲ್ಲಿ ತುಂಬಿ ತರುತ್ತಿದ್ದಳು. ಕೆಂಪು, ಹಳದಿ, ಗೀಟು, ಚೌಕಳಿ, ಮಿಂಚುವ ಅಸ್ತರಿನ ತುಂಡುಗಳು, ಎಲ್ಲ ಕೌದಿಯ ಹೊರಮೈಗೆ. ಒಳಮೈಗೆ, ಅಂದರೆ ಮಲಗಿದವರ ಮೈಗೆ ತಾಗುವ ಮಗ್ಗುಲಿಗೆ, ಮನೆಯದೇ ಬಟ್ಟೆ: ಅಪ್ಪನ ಪೈಜಾಮದ ಮೊಣಕಾಲು, ಅಮ್ಮನ ಶಾಲಿನ ತುದಿ, ಅವಳದೇ ಹಳೆಯ ಅಂಗಿಯ ಬೆನ್ನು. ಎಲ್ಲ ಒಗೆದು ಒಗೆದು ಒಂದೇ ಬೂದಿ ಬಣ್ಣಕ್ಕೆ ಬಂದಂಥವು. ಯಾಕಕ್ಕ ಚೆಂದದ್ದೆಲ್ಲ ಹೊರಗೆ ಎಂದು ಕೇಳಿದರೆ, “ಹೊರಗೆ ನೋಡೋರು ಊರವರು, ಅದಕ್ಕೆ ಊರವರ ಬಟ್ಟೆ. ಒಳಗೆ ಮಲಗೋನು ನೀನು, ಅದಕ್ಕೆ ನಮ್ಮ ಬಟ್ಟೆ,” ಎಂದಿದ್ದಳು. ಅವನು ಬೆಳೆದಂತೆ ವರ್ಷಕ್ಕೊಂದು ಸಾಲು ಕಾಲಿನ ಕಡೆಗೆ ಸೇರಿಸುತ್ತ ಹೋದಳು. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರಲ್ಲ. “ನೀನು ಚಾಚೋ ಮಾರಾಯ, ಹಾಸಿಗೆ ನಾನು ಉದ್ದ ಮಾಡ್ತೀನಿ,” ಎನ್ನುತ್ತಿದ್ದಳು. ಒಳಮೈಯ ತಲೆಯ ಕಡೆ ಮೂಲೆಯಲ್ಲಿ ಅವನ ಮೊದಲ ಶಾಲೆಯ ಅಂಗಿಯ ಜೇಬಿತ್ತು. ಬೇರೆ ಮಕ್ಕಳ ಅಂಗಿಯೊಂದಿಗೆ ಅದಲುಬದಲಾಗದಿರಲೆಂದು ಅದರ ಮೇಲೆ ಅವಳು ಕೆಂಪು ದಾರದಲ್ಲಿ ಅವನ ಪೂರ್ತಿ ಹೆಸರನ್ನು ಹೊಲಿದಿದ್ದಳು. ಮಲಗುವ ಮುನ್ನ ಕತ್ತಲಲ್ಲಿ ಅವನು ಆ ಅಕ್ಷರಗಳನ್ನು ಬೆರಳಲ್ಲಿ ಓದುತ್ತಿದ್ದ.

ಮೇಡಂ ಕೌದಿಗಳ ಪ್ರದರ್ಶನ ಮಾಡಬೇಕೆಂದಾಗ ಎಂಟು ಗೋಡೆಗೆ ಎಂಟು ಕೌದಿಗಳು ಬಂದಿದ್ದವು. ತೂಗುಹಾಕುವ ಹಿಂದಿನ ದಿನ ಎಂಟನೆಯದನ್ನು ಬಿಚ್ಚಿದರೆ ನುಸಿ ತಿಂದು ಜರಡಿಯಾಗಿತ್ತು. ಮೇಡಂ ತಲೆಯ ಮೇಲೆ ಕೈಹೊತ್ತು ಕೂತರು. “ನನಗೆ ಗೊತ್ತಿರೋರ ಮನೇಲಿ ಒಂದಿದೆ ಮೇಡಂ,” ಎಂದು ಅವನ ಬಾಯಿಂದ ಬಂತು. ನಮ್ಮ ಮನೆಯಲ್ಲಿ ಎನ್ನಬಹುದಿತ್ತು. ಆದರೆ ಅದಕ್ಕೆ ಎರಡು ತಿಂಗಳ ಹಿಂದೆ ಕಾವಲುಗಾರ ತನ್ನ ತಾತನ ದೀಪವೊಂದನ್ನು ಕಾಗದದಲ್ಲಿ ಸುತ್ತಿ ತಂದಾಗ, “ಎಲ್ಲರೂ ಅವರವರ ಅಟ್ಟ ಖಾಲಿ ಮಾಡೋಕೆ ಇದೇನು ಗುಜರಿ ಅಂಗಡೀನಾ?” ಎಂದು ಮೇಡಂ ನಾಲ್ಕು ಜನರೆದುರು ಕೇಳಿದ್ದರು. ಕಾವಲುಗಾರ ಆ ದೀಪವನ್ನು ಊಟದ ಚೀಲದೊಳಗೆ ತುರುಕುತ್ತಿದ್ದ ರೀತಿ ಅವನ ಕಣ್ಣಿಗೆ ಕಟ್ಟಿಹೋಗಿತ್ತು. ಸಂಜೆ ಮನೆಗೆ ಹೋಗಿ ಇಸ್ತ್ರಿ ಮೇಜಿನ ಹಾಸಿನ ಕೆಳಗಿಂದ ಕೌದಿಯನ್ನು ಎಳೆದ. ಹೌದು, ಅದು ಇದ್ದದ್ದು ಅಲ್ಲಿಯೇ. ಮದುವೆಯಾದ ಹೊಸದರಲ್ಲಿ ಮಂಚದ ಮೇಲಿತ್ತು, ಆಮೇಲೆ ಮಂಚದ ಕೆಳಗೆ, ಆಮೇಲೆ ಇಸ್ತ್ರಿಗೆ ಮೆತ್ತಗಿರಲೆಂದು ಮೇಜಿನ ಮೇಲೆ. ಒಂದು ಬೆಳಿಗ್ಗೆ ಅವನೇ ಅಂಗಿಗೆ ಇಸ್ತ್ರಿ ಹಾಕುತ್ತ, ಯಾರೋ ಕರೆದರೆಂದು ಇಸ್ತ್ರಿಪೆಟ್ಟಿಗೆಯನ್ನು ಅದರ ಮೇಲೆ ಮಲಗಿಸಿ ಹೋಗಿದ್ದ. ವಾಪಸು ಬಂದಾಗ ಹೊಗೆ. ಹೊರಮೈಯಲ್ಲಿ ಅಂಗೈಯಷ್ಟಗಲ, ಮೂತಿ ಚೂಪಾದ ಒಂದು ಕಪ್ಪು ಗುರುತು. ಆಗ ಅವನು ಕೌದಿಯನ್ನು ಮಗುಚಿ ಹಾಕಿ ಉಳಿದ ಅರ್ಧ ಅಂಗಿಗೆ ಇಸ್ತ್ರಿ ಮುಗಿಸಿದ್ದ, ಆಫೀಸಿಗೆ ಹೊತ್ತಾಗಿತ್ತು.

ಆ ಕಪ್ಪು ಗುರುತನ್ನು ಕಂಡು ಮೇಡಂ ಹಿಗ್ಗಿಹೋದರು. “ಒಲೆ ಪಕ್ಕ ಮಲಗ್ತಿದ್ರು ಕಣ್ರೀ ಪಾಪ, ಕಿಡಿ ಸಿಡಿದಿದೆ! ಬರ್ಕೊಳ್ಳಿ.” ಬರೆದುಕೊಂಡ. ‘ಸುಟ್ಟ ಗುರುತು ಒಲೆಯ ಸುತ್ತ ನಡೆದ ಬಡ ಬದುಕಿಗೆ ಸಾಕ್ಷಿ.’ ತ್ರಿಕೋನಗಳು ಬೆಟ್ಟದ ಸಂಕೇತ, ಚೌಕಗಳು ಮನೆಯ ಸಂಕೇತ, ಕೆಂಪು ಬಣ್ಣ ಹೆಣ್ಣಿನ ನೋವಿನ ಸಂಕೇತ. ‘ಒಂದೊಂದು ತುಂಡೂ ಕುಟುಂಬದ ಒಬ್ಬೊಬ್ಬರ ನೆನಪು.’ ಎಲ್ಲವನ್ನೂ ಬರೆದುಕೊಂಡ, ಅರವತ್ತು ಪದಕ್ಕೆ ಇಳಿಸಿದ, ಒಂದೂ ನಿಜವಲ್ಲವೆಂದು ತಿಳಿದೂ ಅಳತೆಗೆ ಸರಿಯಾಗಿ ಕೂತದ್ದಕ್ಕೆ ಒಳಗೊಳಗೇ ಸಮಾಧಾನವೂ ಆಯಿತು. ಮಾಡಿದವರು ಯಾರು ಎಂದು ಮೇಡಂ ಕೇಳಿದಾಗ ತಲೆಯೆತ್ತದೆ, ಕೊಟ್ಟವರಿಗೂ ಗೊತ್ತಿಲ್ಲವಂತೆ ಎಂದ. ಹಿಂದಕ್ಕೆ ಕೇಳುತ್ತಾರಾ? ಇಲ್ಲ ಮೇಡಂ, ಬೇಡ ಅಂದಿದ್ದಾರೆ. “ಹಾಗಾದ್ರೆ ನಮ್ಮ ಸಂಗ್ರಹಕ್ಕೇ ಸೇರಿಸಿಬಿಡೋಣ.” ಕತ್ತರಿ ತೆಗೆದುಕೊಂಡು ಸಿದ್ಧವಾಗಿದ್ದ ಹಾಳೆಯಿಂದ ಇನ್ನೊಂದು ಪಟ್ಟಿ ಕತ್ತರಿಸಿದ. ಅದಾಗಿ ಒಂಬತ್ತು ದಿನ. ಈ ಒಂಬತ್ತು ದಿನವೂ ಆ ಗೋಡೆಯ ಮುಂದೆ ಹಾದು ನೀರು ಕುಡಿಯಲು ಹೋಗಿದ್ದಾನೆ. ಕೌದಿ ನೋಡಿದರೆ ಏನಾದರೂ ಅನ್ನಿಸಬೇಕಲ್ಲ ಎಂದು ಎರಡು ಸಲ ಬೇಕೆಂದೇ ನಿಂತು ನೋಡಿದ್ದಾನೆ. ಬೇರೆಯವರ ಮನೆಯ ಫೋಟೋ ನೋಡಿದ ಹಾಗಿತ್ತು.

ಹನ್ನೆರಡೂ ಕಾಲಿಗೆ ಅವನು ಬಾಗಿಲ ಬಳಿ ಹೋಗಿ ನಿಂತ. ಅಕ್ಕ ಬಂದು ಕಾವಲುಗಾರನ ಜತೆ ಮಾತಿಗಿಳಿಯುವ ಮೊದಲೇ ತಾನಿರಬೇಕು ಎಂಬುದಷ್ಟೇ ತಲೆಯಲ್ಲಿತ್ತು. ಅವಳು ರಸ್ತೆ ದಾಟಿ ಬಂದಳು. ಟ್ರಂಕಿನ ತಳದಲ್ಲಿ ಎತ್ತಿಟ್ಟಿದ್ದ ಬಟ್ಟೆ ಉಟ್ಟಿದ್ದಳು, ಮಡಿಕೆಯ ಗೆರೆ ಇನ್ನೂ ಹೋಗಿರಲಿಲ್ಲ. ತಲೆಗೆ ಎಣ್ಣೆ ಹಚ್ಚಿ ಬಿಗಿಯಾಗಿ ಬಾಚಿದ್ದಳು. ಯಾರದೋ ಬಹುಮಾನ ಸಮಾರಂಭಕ್ಕೆ ಬಂದವಳಂತಿದ್ದಳು. “ಯಾರು ಸಾಹೇಬ್ರೆ?” ಎಂದ ಕಾವಲುಗಾರ, ಟಿಕೆಟ್ಟಿನ ಪುಸ್ತಕ ತೆರೆಯುತ್ತ. “ಗೊತ್ತಿರೋರು,” ಎಂದ ಅವನು. ಅಕ್ಕ ಬಾಗಿಲ ಮುಂದಿನ ಕಾಲೊರಸಿನ ಮೇಲೆ ಚಪ್ಪಲಿ ಒರೆಸುತ್ತಿದ್ದಳು. ಕೇಳಿಸಿತೋ ಇಲ್ಲವೋ ಗೊತ್ತಾಗಲಿಲ್ಲ.

ಕೇಳಿಸಿತೋ ಇಲ್ಲವೋ. ಹಾಸ್ಟೆಲ್ಲಿನ ಆ ಭಾನುವಾರವೂ ಹೀಗೆಯೇ. ಸೇರಿದ ಮೊದಲ ದಿನ ಕೌದಿ ಬಿಚ್ಚಿ ಹಾಸಿದಾಗ ಪಕ್ಕದ ಮಂಚದವರು ಸುತ್ತ ನೆರೆದು, “ಏನೋ ಇದು, ಸರ್ಕಸ್ ಡೇರೆನಾ?” ಎಂದು ನಕ್ಕಿದ್ದರು. “ನಮ್ಮ ಮನೆ ಕೆಲಸದವಳು ಹೊಲಿದಿದ್ದು, ತಪ್ಪಿ ಬಂದುಬಿಟ್ಟಿದೆ,” ಎಂದಿದ್ದ. ಅಂದಿನಿಂದ ಕೌದಿಯನ್ನು ತಿರುವಿ ಹೊದ್ದ, ಬೂದಿ ಬಣ್ಣ ಮೇಲೆ, ಸರ್ಕಸ್ಸು ಒಳಗೆ, ಹೆಸರಿದ್ದ ಮೂಲೆಯನ್ನು ಹಾಸಿಗೆಯಡಿಗೆ ತುರುಕಿ. ತಿಂಗಳಾದ ಮೇಲೆ ಅಕ್ಕ ಡಬ್ಬಿ ಹಿಡಿದು ನೋಡಲು ಬಂದಳು. ಮೆಟ್ಟಿಲ ಮೇಲಿಂದ ಒಬ್ಬ, “ಲೋ, ನಿಮ್ಮನೆ ಕೆಲಸದವಳು ಬಂದಿದ್ದಾಳೆ ಕಣೋ!” ಎಂದು ಕೂಗಿದ. ಅಕ್ಕ ಅದೇ ಮೆಟ್ಟಿಲ ಬುಡದಲ್ಲಿ ನಿಂತಿದ್ದಳು. ಮೇಲೆ ಬಂದಳು, ಡಬ್ಬಿ ಕೊಟ್ಟಳು, ಬಾಗಿಲಿಂದ ಮಂಚದ ಕಡೆ ನೋಡಿದಳು. “ತಿರುವುಮುರುವಾಗಿ ಹೊದ್ದುಕೊಳ್ತಿದ್ದೀಯಲ್ಲೋ,” ಎಂದಳು. ಅಷ್ಟೇ. ಮಧ್ಯಾಹ್ನದ ಬಸ್ಸಿಗೆ ಹೊರಟುಹೋದಳು.

“ಅಯ್ಯೋ! ಎಷ್ಟು ದೊಡ್ಡದಾಗಿ ಕಾಣುತ್ತೋ!” ಈಗ ಅಕ್ಕ ಸಭಾಂಗಣದ ಬಾಗಿಲಲ್ಲೇ ನಿಂತುಬಿಟ್ಟಿದ್ದಳು. ದೂರದ್ದು ಅವಳಿಗೆ ಚೆನ್ನಾಗಿ ಕಾಣುತ್ತದೆ, ಹತ್ತಿರದ್ದೇ ಮಸುಕು. “ಮಂಚದ ಮೇಲೆ ಇಷ್ಟಿರಲಿಲ್ಲಪ್ಪ. ಏನು ದೀಪ ಬಿಟ್ಟಿದ್ದೀರಿ, ಮದುಮಗಳ ಹಾಗೆ! ಅಲ್ಲಿ ನೋಡು, ಆ ಹಳದಿ ಗೀಟಿಂದು ಬ್ಯಾಂಡಿನವರ ಕೋಟು. ಅದು ಡಾಕ್ಟರಮ್ಮನ ಕಿಟಕಿ ಪರದೆ. ಆ ನೀಲಿ ಇದೆಯಲ್ಲ, ಆ ಗಿರಾಕಿ ಎರಡು ಸಲ ಹೊಟ್ಟೆ ಬಿಚ್ಚಿಸಿ ಹೊಲಿಸಿದ, ಅಷ್ಟು ಬೇಗ ದಪ್ಪ ಆಗ್ತಿದ್ದ.” ಕೈಯಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಅವನೂ ನಕ್ಕ, ಸುತ್ತ ನೋಡುತ್ತ. ಆ ಹೊತ್ತಿಗೆ ಸಭಾಂಗಣದಲ್ಲಿ ಇನ್ಯಾರೂ ಇರಲಿಲ್ಲ. ಆಮೇಲೆ ಅವಳ ನಗು ನಿಂತಿತು. ಕೆಳಮೂಲೆಯ ಕಡೆ ನೋಡುತ್ತಿದ್ದಳು. “ಅದೇನೋ ಕಪ್ಪಗೆ?” “ಹಳೇದಲ್ವಾ ಅಕ್ಕ,” ಎಂದ. ನಲವತ್ತು ವರ್ಷ ಇಸ್ತ್ರಿಪೆಟ್ಟಿಗೆ ಹಿಡಿದವಳಿಗೆ ಆ ಮೂತಿಯ ಗುರುತು ಏನೆಂದು ಹೇಳಿಕೊಡಬೇಕಿರಲಿಲ್ಲ. “ಹೂಂ,” ಎಂದಳು.

ಹತ್ತಿರ ಹೋಗಿ ಚೀಟಿಯ ಮುಂದೆ ಬಗ್ಗಿದಳು. ಕಣ್ಣು ಕಿರಿದು ಮಾಡಿದಳು, ತಲೆ ಹಿಂದೆ ಮಾಡಿದಳು. “ಕನ್ನಡಕ ಅಂಗಡೀಲೇ ಬಿಟ್ಟು ಬಂದೆ ನೋಡು, ಸಡಗರಕ್ಕೆ. ನೀನೇ ಓದೋ. ನೀನು ಬರೆದಿದ್ದೇ ತಾನೆ?” ಅವನು ಓದಿದ. ಬೆಟ್ಟ ಓದಿದ, ಮನೆ ಓದಿದ, ಹೆಣ್ಣಿನ ನೋವು ಓದಿದ. ತನ್ನ ಸ್ವರ ನಿಲ್ದಾಣದಲ್ಲಿ ರೈಲಿನ ಹೊತ್ತು ಹೇಳುವವರ ಸ್ವರದಂತೆ ಅವನಿಗೇ ಕೇಳಿತು. ಅಕ್ಕ ದೊಡ್ಡವರ ಮಾತು ಕೇಳುವಂತೆ ಕೈಕಟ್ಟಿ ಕೇಳುತ್ತಿದ್ದಳು, ಮಧ್ಯೆ ಒಮ್ಮೆ, “ಬೆಟ್ಟವೇ?” ಎಂದಳು. ಒಲೆಯ ಸಾಲನ್ನು ಅವನು ಹಾರಿಸಿಬಿಟ್ಟ. ‘ಮಾಡಿದವರು’ ಎನ್ನುವಲ್ಲಿಗೆ ಬಂದಾಗ ಒಂದು ಉಸಿರಿನಷ್ಟು ನಿಂತು, ಅವಳ ಹೆಸರು ಹೇಳಿದ. ಪೂರ್ತಿ ಹೆಸರು, ಅಪ್ಪನ ಹೆಸರಿನ ಸಮೇತ.

“ನಿಜವಾಗ್ಲೂ ಹಾಕಿದ್ದಾರಾ?”

“ಹೂಂ.”

“ಎಲ್ಲಿ?”

ಅವನು ತೋರಿಸಿದ. ಅವಳು ಕೊನೆಯ ಸಾಲಿನ ಕೆಳಗೆ ತೋರುಬೆರಳಿಟ್ಟು ಎಡದಿಂದ ಬಲಕ್ಕೆ ನಿಧಾನವಾಗಿ ಸವರಿದಳು. ಆ ಬೆರಳ ತುದಿ ಸೂಜಿ ತಾಗಿ ತಾಗಿ ಗಡುಸಾಗಿ, ಬೇರೆಯದೇ ಚರ್ಮದಂತಿತ್ತು. ಅಲ್ಲಿ ಕೂತಿದ್ದ ಅಕ್ಷರಗಳನ್ನು ಅವನು ನೋಡುತ್ತಲೇ ಇದ್ದ, ಕಣ್ಣು ಕೀಳಲಿಲ್ಲ. ಇಷ್ಟಾದರೂ ಏನೂ ಅನ್ನಿಸುತ್ತಿಲ್ಲವಲ್ಲ ಎಂದುಕೊಂಡ. ಹಲ್ಲಿನ ವೈದ್ಯರು ಚುಚ್ಚಿದ ಮೇಲೆ ತುಟಿ ಕಚ್ಚಿಕೊಂಡರೆ ಹೇಗೆ ಗೊತ್ತಾಗುವುದಿಲ್ಲವೋ ಹಾಗೆ. “ಅಂಗಡಿಯವರನ್ನ ಕರ್ಕೊಂಡು ಬರ್ತೀನಿ ಒಂದಿನ, ಮಾಸ್ತರಂತೂ ನಂಬ್ತಾನೇ ಇಲ್ಲ,” ಎಂದು ಅವಳು ನೆಟ್ಟಗಾದಳು. ನೆಟ್ಟಗಾದವಳಿಗೆ ಅವನ ತೋಳು ಕಂಡಿತು. “ಇದೇನೋ, ಗುಂಡಿ ಇವತ್ತೋ ನಾಳೆಯೋ ಅಂತಿದೆ. ತಾ ಇಲ್ಲಿ.” ಇಲ್ಲಿ ಬೇಡ ಅಕ್ಕ ಎಂದ. “ಇಲ್ಲೇನು, ಯಾರಿದ್ದಾರೆ?” ಕೊರಳಪಟ್ಟಿಯಿಂದ ಸೂಜಿ ಆಗಲೇ ಹೊರಗೆ ಬಂದಿತ್ತು. ಕನ್ನಡಕವಿಲ್ಲವಲ್ಲ ಎಂದರೆ, “ಗುಂಡಿಗೆ ಕಣ್ಣು ಯಾಕೋ, ಕೈಗೆ ಗೊತ್ತಿರುತ್ತೆ,” ಎಂದಳು. ಅವನ ಮಣಿಕಟ್ಟನ್ನು ತನ್ನ ಹೊಟ್ಟೆಗೆ ಒತ್ತಿಕೊಂಡು ಹೊಲಿಯತೊಡಗಿದಳು. ಎಂಟು ವರ್ಷದವನಿದ್ದಾಗ ಅಂಗಿ ಬಿಚ್ಚದೆ ಹಾಗೆಯೇ ನಿಲ್ಲಿಸಿ ಹೊಲಿಯುತ್ತಿದ್ದಳು, ಅಲ್ಲಾಡಿದರೆ ಚುಚ್ಚುತ್ತೆ ಎಂದು ಹೆದರಿಸುತ್ತಿದ್ದಳು. ಅವನು ಅಲ್ಲಾಡದೆ ನಿಂತ.

ಕಾರಿಡಾರಿನಲ್ಲಿ ಚಪ್ಪಲಿಗಳ ಸದ್ದಾಯಿತು. ಮೇಡಂ ಹತ್ತು ಹನ್ನೆರಡು ನಿವೃತ್ತ ಶಿಕ್ಷಕರನ್ನು ಹಿಂದಿಟ್ಟುಕೊಂಡು ಒಳಗೆ ಬಂದರು. ಅವನು ಕೈ ಎಳೆದುಕೊಂಡ. ಸೂಜಿ ಅಕ್ಕನ ಬೆರಳಿನಿಂದ ಜಾರಿ, ದಾರದ ತುದಿಯಲ್ಲಿ ಅವನ ತೋಳಿನಿಂದ ಜೋತುಬಿತ್ತು. ಆ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ಎರಡು ಹೆಜ್ಜೆ ಪಕ್ಕಕ್ಕೆ ಸರಿದ. ಅಕ್ಕ ಇದ್ದಲ್ಲೇ ಉಳಿದಳು, ಖಾಲಿ ಬೆರಳುಗಳು ಇನ್ನೂ ಹೊಲಿಯುವ ಹದದಲ್ಲೇ ಇದ್ದವು. “ಇದು ನಮ್ಮ ಎಂಟನೇ ಕೌದಿ,” ಎಂದು ಮೇಡಂ ಶುರುಮಾಡಿದರು. ಅವರು ಮನಸ್ಸಿನಿಂದ ಹೇಳುವವರಲ್ಲ, ಚೀಟಿಯನ್ನೇ ಗಟ್ಟಿಯಾಗಿ ಓದುವವರು. ಬೆಟ್ಟ, ಮನೆ, ನೋವು, ಒಲೆ. “ಮಾಡಿದವರು, ತಿಳಿದಿಲ್ಲ.” ಆ ಮಾತು ಎತ್ತರದ ಚಾವಣಿಯ ಕೆಳಗೆ ಸ್ವಲ್ಪ ಹೊತ್ತು ಇತ್ತು. ಶಿಕ್ಷಕರು ತಲೆಯಾಡಿಸಿದರು, ಒಬ್ಬಾಕೆ, “ಛೆ, ಯಾವ ಪುಣ್ಯಾತ್ಗಿತ್ತಿಯೋ,” ಎಂದಳು. ಅಕ್ಕ ಅವನ ಕಡೆ ನೋಡಲಿಲ್ಲ. ಅದನ್ನು ಅವನು ಗಮನಿಸಿದ. ಚೀಟಿಯ ಕಡೆ ನೋಡಿದಳು, ಸ್ವಲ್ಪ ಮುಂಚೆ ಬೆರಳಿಟ್ಟಿದ್ದ ಜಾಗದ ಕಡೆ.

“ಒಂದೊಂದು ತುಂಡೂ ಮನೆಯೋರ ನೆನಪು ಅಂತೀರಲ್ಲ, ಹೇಗೆ ಗೊತ್ತು?” ಎಂದು ಒಬ್ಬ ಮುದುಕರು ಮೇಡಂರನ್ನು ಕೇಳಿದರು. ಮೇಡಂ ಉತ್ತರ ಹುಡುಕುತ್ತಿರುವಾ‌ಗ ಅಕ್ಕ ಮೆಲ್ಲಗೆ, “ಇದು ಯಾರ ನೆನಪೂ ಅಲ್ಲ ಸ್ವಾಮಿ, ಗಿರಾಕಿಗಳ ಬಟ್ಟೆ,” ಎಂದಳು. ಎಲ್ಲರೂ ತಿರುಗಿದರು. “ತೋಳು ಕೂಡಿಸೋಕೆ ಕಂಕುಳಲ್ಲಿ ಕತ್ತರಿ ಆಡಿಸಿದ್ರೆ ಇಂಥ ಮೂರು ಮೂಲೆ ಚೂರು ಬೀಳುತ್ತೆ. ಬೆಟ್ಟ ಅಲ್ಲ ಅದು. ಕಂಕುಳು.” ಶಿಕ್ಷಕರು ಗೊಳ್ಳೆಂದು ನಕ್ಕರು. ಮೇಡಂರ ಮುಖ ಒಂದು ಕ್ಷಣ ಗಂಟಿಕ್ಕಿ, ಆಮೇಲೆ ಅರಳಿತು. ಅವರು ಕೆಟ್ಟವರೇನಲ್ಲ, ತಿಳಿದವರು ಸಿಕ್ಕರೆ ಬಿಡುವವರಲ್ಲ. “ನಿಮಗೆ ಹೇಗಮ್ಮ ಗೊತ್ತು?” “ನಾನೂ ಹೊಲಿಗೆ ಅಂಗಡೀಲೇ ಇರೋದಮ್ಮ.” “ಹಾಗಾದ್ರೆ ಮನೆಯೋರ ಬಟ್ಟೆ?” “ಅದೆಲ್ಲ ಒಳಮೈಗೆ ಹಾಕ್ತಾರೆ. ಗೋಡೆ ಕಡೆಗಿದೆ.” “ಯಾರು ಹೊಲಿದಿರಬಹುದು ಇದನ್ನ? ನೋಡಿದ್ರೆ ಗೊತ್ತಾಗುತ್ತಾ ನಿಮಗೆ?”

ಹೇಳಲಿ, ಎಂದುಕೊಂಡ ಅವನು. ಹೇಳಿದರೆ ಹೇಳಲಿ, ಮುಗಿದೇಹೋಗಲಿ. ಬೆನ್ನ ಹಿಂದೆ ಸೂಜಿ ಅವನ ಅಂಗೈಗೆ ತಾಗುತ್ತಿತ್ತು.

“ಚೀಟೀಲಿ ತಿಳಿದಿಲ್ಲ ಅಂತ ಇದೆಯಲ್ಲಮ್ಮ,” ಎಂದಳು ಅಕ್ಕ.

“ಒಳಮೈ ಹೇಗಿರುತ್ತೆ, ಸ್ವಲ್ಪ ತೋರಿಸ್ತೀರಾ? ಒಂದು ಮೂಲೆ ಎತ್ತಿ ಸಾಕು.” ಮೇಡಂ ತಾವೇ ಹಗ್ಗದ ಅಡ್ಡಿಯನ್ನು ಪಕ್ಕಕ್ಕೆ ಸರಿಸಿದರು. ಅಕ್ಕ ಮುಂದೆ ಹೋದಳು. ಕೌದಿಯನ್ನು ತಲೆಕೆಳಗಾಗಿ ತೂಗುಹಾಕಿದ್ದರಿಂದ ತಲೆಯ ಕಡೆಯ ಮೂಲೆಯೇ ಅವಳ ಕೈಗೆ ನಿಲುಕುವಂತಿತ್ತು. ಅದರ ಹಿಂದೆ ಜೇಬು, ಜೇಬಿನ ಮೇಲೆ ಕೆಂಪು ದಾರ. ಅವಳು ಎರಡು ಬೆರಳಿನಲ್ಲಿ ಅಂಚು ಹಿಡಿದಳು. ಅವಳಿಗೆ ಆ ಜೇಬು ನೆನಪಿತ್ತೋ ಇಲ್ಲವೋ, ಅವನಿಗೆ ಗೊತ್ತಿಲ್ಲ. ಅವನಿಗೆ ಗೊತ್ತಿದ್ದುದು ಇಷ್ಟೇ, ಹತ್ತು ಹನ್ನೆರಡು ಜನ ಮೇಷ್ಟ್ರುಗಳು, ಓದುವುದೇ ಅಭ್ಯಾಸವಾದವರು, ಅವನ ಹೆಸರನ್ನು ಗಟ್ಟಿಯಾಗಿ ಓದುತ್ತಾರೆ.

“ಮುಟ್ಟಬೇಡಿ ಅಮ್ಮಾ,” ಎಂದ.

ಜೋರಾಗಿಯೇ ಹೇಳಿದ್ದ. ದಿನಕ್ಕೆ ಹತ್ತು ಸಲ ಯಾರಿಗಾದರೂ ಹೇಳುವ ಮಾತು, ಅಭ್ಯಾಸದ ದನಿಯಲ್ಲೇ ಬಂತು. “ವಸ್ತುಗಳನ್ನ ಮುಟ್ಟೋ ಹಾಗಿಲ್ಲ. ದಯವಿಟ್ಟು ಹಿಂದೆ ಬನ್ನಿ.” ಅಕ್ಕನ ಕೈ ಕೌದಿಯನ್ನು ಬಿಟ್ಟಿತು. ಬಿಟ್ಟ ಮೇಲೆ, ಮಡಚಿದ ಬಟ್ಟೆಯನ್ನು ಗಿರಾಕಿಗೆ ಕೊಡುವ ಮುನ್ನ ಮಾಡುವಂತೆ, ಅಂಚನ್ನು ಒಮ್ಮೆ ನೇವರಿಸಿ ಸರಿಮಾಡಿತು. “ತಪ್ಪಾಯ್ತು,” ಎಂದಳು. ಮೇಡಂರ ಕಡೆ ತಿರುಗಿ, “ಒಳಮೈ ಒಳಗೇ ಇರಲಿ ಬಿಡಿಯಮ್ಮ, ಅದೇನು ಚೆಂದ ಇರಲ್ಲ,” ಎಂದು ಚೀಲ ಹೆಗಲಿಗೇರಿಸಿ ಬಾಗಿಲ ಕಡೆ ನಡೆದಳು. “ರೀ, ನಾನೇ ಹೇಳಿದ್ದಲ್ವಾ ಅವರಿಗೆ!” ಎಂದು ಮೇಡಂ ಅವನ ಮೇಲೆ ಸಿಡುಕಿದರು. “ಎಂಥ ತಿಳಿದ ಹೆಂಗಸು. ಓಡಿ, ಕರ್ಕೊಂಡು ಬನ್ನಿ. ಹೆಸರು ವಿಳಾಸನಾದ್ರೂ ಬರ್ಕೊಂಡು ಬನ್ನಿ.”

ಅವಳು ಬಸ್ ನಿಲ್ದಾಣದ ನೆರಳಿನಲ್ಲಿ ನಿಂತಿದ್ದಳು. ಅವನು ರಸ್ತೆ ದಾಟಿ ಹೋಗಿ ಪಕ್ಕದಲ್ಲಿ ನಿಂತ. ಇಬ್ಬರೂ ಬಸ್ಸು ಬರುವ ದಿಕ್ಕಿಗೆ ನೋಡಿದರು. “ಅಕ್ಕ, ಅದು ಏನಂದ್ರೆ,” ಎಂದು ಶುರುಮಾಡಿದ. “ನನ್ನ ಹೆಸರು ಹಾಕಿಸಬೇಡ ಕಣೋ,” ಎಂದಳು ಅಕ್ಕ. “ಈಗ ಹಾಕಿಲ್ಲವಲ್ಲ, ಹಾಗೇ ಇರಲಿ. ಮಾಸ್ತರು ಬಂದು ನೋಡಿದ್ರೆ ಆ ಸುಟ್ಟಿದ್ದು ಕಾಣುತ್ತೆ. ಇಷ್ಟು ವರ್ಷ ಇಸ್ತ್ರಿ ಹಿಡಿದವಳು ಸ್ವಂತ ಕೌದೀನೇ ಸುಟ್ಕೊಂಡಿದ್ದಾಳೆ ಅಂತ ಆಡ್ಕೊಳ್ತಾರೆ. ನಾನೇ ಅಂಗಡೀಲಿ ಏನಾದ್ರೂ ಹೇಳ್ಕೋತೀನಿ, ಅದು ಬೇರೆ ಯಾರದೋ ಅಂತ.” ಅವನಿಗೆ ಹಗುರಾಯಿತು. ಬೆಳಿಗ್ಗೆಯಿಂದ ಕಾದು ಕೂತಿದ್ದ ಏನೋ ಒಂದು ಕೊನೆಗೂ ಬಂದಿತ್ತು, ಅದು ನಾಚಿಕೆಯಾಗಿರಲಿಲ್ಲ, ಸಮಾಧಾನವಾಗಿತ್ತು. ಅದು ಮುಖದ ಮೇಲೆ ಕಾಣಿಸಿರಬೇಕು, ಅಕ್ಕ ನೋಟವನ್ನು ಬೇರೆ ಕಡೆಗೆ ತಿರುಗಿಸಿದಳು. “ಎಲ್ಲ ಮುಗಿದ ಮೇಲೆ ನನಗೇ ತಂದುಕೊಡು. ನಿಮ್ಮನೇಲಿ ಜಾಗ ಇಲ್ಲ ಅನ್ಸುತ್ತೆ. ಕೊಡ್ತಾರೆ ತಾನೆ?” “ಹೂಂ, ತಂದುಕೊಡ್ತೀನಿ,” ಎಂದ. ಬಸ್ಸು ಬಂತು. ಅವಳು ಮೆಟ್ಟಿಲೇರಿ ಕಂಬಿ ಹಿಡಿದು ತಿರುಗಿದಳು. ಅವನ ತೋಳಿನ ಕಡೆ ನೋಡಿದಳು. “ಸೂಜಿ ಹುಷಾರು, ಚುಚ್ಚಿಕೊಂಡೀಯ. ಎರಡೇ ಹೊಲಿಗೆ ಬಾಕಿ ಇದೆ, ನೀನೇ ಹಾಕ್ಕೋ.”

ಒಳಗೆ ಶಿಕ್ಷಕರು ಹೋಗಿಯಾಗಿತ್ತು. ಮೇಡಂ ದಾಖಲೆ ಪುಸ್ತಕ ತೆರೆದು ಕೂತಿದ್ದರು. “ಸಿಕ್ಕಿದ್ರಾ? ಯಾರಂತೆ?” “ನಮ್ಮಕ್ಕ,” ಎಂದ. ಅಂದದ್ದು ಹೌದು, ಆದರೆ ತುಟಿಯ ಒಳಗೇ. “ಏನಂದ್ರಿ?” ಎಂದು ಮೇಡಂ ಪುಸ್ತಕದಿಂದ ತಲೆಯೆತ್ತಿದರು. “ಬಸ್ ಹೋಗಿಬಿಟ್ಟಿತ್ತು ಮೇಡಂ.” “ಛೆ. ಹೋಗಲಿ. ನೋಡಿ, ಇದನ್ನ ಇವತ್ತೇ ಸಂಗ್ರಹಕ್ಕೆ ಸೇರಿಸಿಬಿಡೋಣ, ಮಧ್ಯಾಹ್ನ ಇಳಿಸಿ ಸಂಖ್ಯೆ ಹೊಲಿದು ಮತ್ತೆ ಹಾಕಿ. ಆ ಬೆಟ್ಟದ ಸಾಲೊಂದು ತೆಗೀರಿ. ಉಳಿದದ್ದು ಇರಲಿ.” ಸಂಖ್ಯೆಯ ಬಿಳಿಪಟ್ಟಿಯನ್ನು ಅವನ ಅಂಗೈಯಲ್ಲಿಟ್ಟರು.

ಊಟದ ಹೊತ್ತು ಮುಗಿದು ಕಟ್ಟಡ ತಣ್ಣಗಿತ್ತು. ಕಾವಲುಗಾರ ಬಂದು ಕೌದಿ ಇಳಿಸಲು ಕೈಜೋಡಿಸಿದ, ಇವನ ತೋಳಿನಲ್ಲಿ ನೇತಾಡುವ ಸೂಜಿ ನೋಡಿ, “ಇದೇನು ಸಾಹೇಬ್ರೆ, ಆಭರಣ?” ಎಂದು ನಗುತ್ತ ಹೋದ. ಅವನು ಬಾಗಿಲು ಹಾಕಿಕೊಂಡು ಮೇಜಿನ ಮೇಲೆ ಕೌದಿಯನ್ನು ಮಗುಚಿ ಹಾಸಿದ. ಒಳಮೈ ಮೇಲೆ ಬಂತು. ಎಷ್ಟೋ ವರ್ಷವಾಗಿತ್ತು ಅದನ್ನು ಪೂರ್ತಿ ಬಿಚ್ಚಿ ನೋಡಿ. ಪೈಜಾಮದ ಮೊಣಕಾಲು, ಶಾಲಿನ ತುದಿ, ಅಂಗಿಯ ಬೆನ್ನು. ಕಾಲಿನ ಕಡೆಗೆ ವರ್ಷಕ್ಕೊಂದರಂತೆ ಸೇರಿದ ಸಾಲುಗಳು. ತಲೆಯ ಮೂಲೆಯಲ್ಲಿ ಜೇಬು. ಕೆಂಪು ದಾರ ಮಾಸಿರಲಿಲ್ಲ, ಬೆಳಕು ಕಾಣದ್ದಕ್ಕೇ ಇರಬೇಕು. ಸಂಖ್ಯೆಯ ಪಟ್ಟಿಯನ್ನು ಎಲ್ಲಿ ಬೇಕಾದರೂ ಹೊಲಿಯಬಹುದಿತ್ತು, ಅಷ್ಟು ಅಗಲದ ಕೌದಿ. ಅವನು ಅದನ್ನು ಅಲ್ಲಿಲ್ಲಿ ಇಟ್ಟು ನೋಡಿದ. ಹೆಸರಿನ ಮೇಲಿಟ್ಟಾಗ ಈ ಕೊನೆಯಿಂದ ಆ ಕೊನೆಗೆ ಸರಿಯಾಗಿ ಕೂತಿತು, ಒಂದು ಅಕ್ಷರವೂ ಹೊರಗುಳಿಯಲಿಲ್ಲ. ತೋಳಿನಿಂದ ಜೋತಿದ್ದ ದಾರವನ್ನು ಗುಂಡಿಯ ಬುಡದಲ್ಲೇ ಹಲ್ಲಿನಲ್ಲಿ ಕಡಿದ. ಎರಡು ಹೊಲಿಗೆ ಬಾಕಿಯಿದ್ದ ಗುಂಡಿ ಉರುಳಿ ನೆಲಕ್ಕೆ ಬಿತ್ತು. ಬಗ್ಗಲಿಲ್ಲ. ದಾರ ಇನ್ನೂ ಸಾಕಷ್ಟು ಉದ್ದವಿತ್ತು. ಅಕ್ಕ ಕಲಿಸಿದ ಹಾಗೆ ತುದಿಯನ್ನು ತೋರುಬೆರಳಿಗೆ ಸುತ್ತಿ, ಹೆಬ್ಬೆರಳಲ್ಲಿ ಹೊಸೆದು ಗಂಟು ಹಾಕಿದ, ಗಂಟು ಕಾಣದಂತೆ ಒಳಗಿನಿಂದ ಮೊದಲ ಹೊಲಿಗೆ ಎತ್ತಿದ.